ಗುಮ್ಮಟದೊಳಗೊಂದು ಸಂಸಾರ

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ತಾರಸಿ ಹಾಕುವುದೆಂದರೆ ಎರಡು ಮನೆ ಕಟ್ಟಿದಂತೆ. ಮೊದಲು ಕಂಬ, ಹಲಗೆ, ತಗಡುಗಳಿಂದ ಒಂದು ಸುಳ್ಳು ಮನೆ ಎದ್ದು ನಿಲ್ಲಬೇಕು. ಅದರ ಮೇಲೆ ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿದು, ಎರಡು ಮೂರು ವಾರ ನೀರು ಕುಡಿಸಿ, ಆಮೇಲೆ ಆ ಸುಳ್ಳು ಮನೆಯನ್ನು ಬಿಚ್ಚಿ ತೆಗೆದರೆ ಉಳಿಯುವುದೇ ನಾವು ವಾಸಿಸುವ ಮನೆ. ಈ ಸುಳ್ಳು ಮನೆಗೆ ನಮ್ಮ ಕಡೆ ಸೆಂಟ್ರಿಂಗ್ ಎನ್ನುತ್ತಾರೆ. ಗೃಹಪ್ರವೇಶದ ದಿನ ಯಾರೂ ಅದನ್ನು ನೆನಪಿಸಿಕೊಳ್ಳುವುದಿಲ್ಲ. ಆದರೆ ಖರ್ಚಿನ ಪುಸ್ತಕ ತೆರೆದು ನೋಡಿ, ಸಿಮೆಂಟು ಮತ್ತು ಕಬ್ಬಿಣದ ಪಕ್ಕದಲ್ಲಿಯೇ ಅದರ ಬಾಡಿಗೆ ಮತ್ತು ಕೂಲಿ ಕೂತಿರುತ್ತದೆ.

ನಮ್ಮಿಬ್ಬರಲ್ಲಿ ಒಬ್ಬರು ಸೆಂಟ್ರಿಂಗ್ ಕೆಲಸದವರ ಮನೆಯಲ್ಲಿ ಹುಟ್ಟಿದವರು. ಇನ್ನೊಬ್ಬರು ಮದುವೆಯಾಗಿ ಆ ಮನೆಗೆ ಬಂದು, ಮೊಳೆ ಕಿತ್ತ ಹಲಗೆಗಳ ರಾಶಿಯ ನಡುವೆಯೇ ಮಕ್ಕಳನ್ನು ಬೆಳೆಸಿದವರು. ಹೀಗಾಗಿ ಕಟ್ಟಡದ ವಿಷಯ ಬಂದಾಗ ನಮ್ಮಲ್ಲೊಬ್ಬರ ಕಣ್ಣು ಮೊದಲು ಮೇಲಕ್ಕೆ, ಮಾಡಿನತ್ತ ಹೋಗುತ್ತದೆ. ಇನ್ನೊಬ್ಬರ ಕಣ್ಣು ನೇರವಾಗಿ ಅಡುಗೆಮನೆಗೆ ಹೋಗುತ್ತದೆ. ಮುಂದೆ ಹೇಳುವ ಮಾತುಗಳಲ್ಲಿ ಎರಡೂ ಕಣ್ಣುಗಳು ಸೇರಿವೆ. ಯಾವುದು ಯಾರದೆಂದು ಓದುಗರು ಸುಲಭವಾಗಿ ಊಹಿಸಬಹುದು.

ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿ ಮನೆಗಳನ್ನು ಎರಕ ಹೊಯ್ಯಬೇಕೆಂಬ ಆಸೆ ಹೊಸದೇನಲ್ಲ. ನಮ್ಮ ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದಾಗ ಮಾಡಿದ್ದೂ ಅದನ್ನೇ ಅಲ್ಲವೇ? ಒಂದೇ ಅಚ್ಚಿನಲ್ಲಿ ಒತ್ತಿದ ಸಾವಿರಾರು ಹೆಂಚುಗಳು ಇಡೀ ಕರಾವಳಿಯ ತಲೆ ಕಾಯ್ದವು. ಆದರೆ ಹೆಂಚು ಕೈಯಲ್ಲಿ ಹಿಡಿಯುವಂಥದ್ದು. ಇಡೀ ಮನೆಯನ್ನೇ ಅಚ್ಚಿನಿಂದ ತೆಗೆಯುವುದೆಂದರೆ? ಬಲ್ಬು ಕೊಟ್ಟ ಥಾಮಸ್ ಎಡಿಸನ್ ಇದಕ್ಕೂ ಕೈ ಹಾಕಿದ್ದ. ಎರಕದ ಕಬ್ಬಿಣದ ಅಚ್ಚುಗಳನ್ನು ಜೋಡಿಸಿ, ಮೇಲಿನಿಂದ ಒಂದೇ ಬಾರಿಗೆ ಕಾಂಕ್ರೀಟ್ ಸುರಿದು ಮನೆ ಮಾಡುವ ವಿಧಾನಕ್ಕೆ 1917ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ನ್ಯೂಜೆರ್ಸಿಯ ಯೂನಿಯನ್ ಎಂಬಲ್ಲಿ ಒಂದು ಬೀದಿಯ ತುಂಬ ಅಂಥ ಮನೆಗಳು ಎದ್ದವು. ಬಡ ಕಾರ್ಮಿಕರಿಗೆ ಅಗ್ಗದ ಮನೆ ಎಂಬುದು ಅವನ ಘೋಷಣೆ. ಆದರೆ ಒಂದು ಮನೆಯ ಅಚ್ಚಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿದ್ದವು. ಅವುಗಳನ್ನು ಕೊಳ್ಳಲು ಯಾವ ಗುತ್ತಿಗೆದಾರನ ಬಳಿ ಹಣವಿತ್ತು? ಅಗ್ಗದ ಮನೆಯ ಅಚ್ಚು ಅಷ್ಟು ದುಬಾರಿಯಾಗಿತ್ತು. ಕಾಂಕ್ರೀಟಿನಲ್ಲೇ ಗ್ರಾಮಫೋನ್ ಪೆಟ್ಟಿಗೆ ಮಾಡುತ್ತೇನೆಂದೂ ಅವನು ಹೊರಟಿದ್ದ. ಅದರ ಕಥೆ ಇಲ್ಲಿ ಬೇಡ.

ಕಬ್ಬಿಣದ ಬದಲು ಗಾಳಿಯನ್ನೇ ಅಚ್ಚು ಮಾಡಿದವನು ಕ್ಯಾಲಿಫೋರ್ನಿಯಾದ ವಾಸ್ತುಶಿಲ್ಪಿ ವಾಲೇಸ್ ನೆಫ್. ಹಾಲಿವುಡ್ ನಟರಿಗೆ ಬಂಗಲೆ ಕಟ್ಟುತ್ತಿದ್ದವನಿಗೆ ಗಡ್ಡ ಹೆರೆಯುವಾಗ ಸಾಬೂನಿನ ಗುಳ್ಳೆ ನೋಡಿ ಈ ಆಲೋಚನೆ ಬಂತೆಂದು ಹೇಳುತ್ತಾರೆ. ದೊಡ್ಡ ಬಲೂನನ್ನು ಊದಿ, ಅದರ ಮೇಲೆ ತಂತಿಬಲೆ ಹೊದಿಸಿ, ಕಾಂಕ್ರೀಟ್ ಸಿಂಪಡಿಸಿ, ಗಟ್ಟಿಯಾದ ಮೇಲೆ ಗಾಳಿ ಬಿಟ್ಟು ಬಲೂನನ್ನು ಬಾಗಿಲಿನಿಂದ ಎಳೆದು ಹೊರತೆಗೆಯುವುದು. 1941ರಲ್ಲಿ ವರ್ಜೀನಿಯಾದಲ್ಲಿ ಇಂಥ ಮನೆಗಳ ಒಂದು ಸಣ್ಣ ಬಡಾವಣೆ ಬಂತು. ಅಮೆರಿಕದವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಯುದ್ಧ ಮುಗಿದ ಮೇಲೆ ಫ್ರೆಂಚರ ಆಳ್ವಿಕೆಯಲ್ಲಿದ್ದ ಸೆನೆಗಲ್‌ನ ಡಕಾರ್ ನಗರದಲ್ಲಿ ಮಾತ್ರ ಇಂಥ ಸುಮಾರು 1,200 ಗುಳ್ಳೆಮನೆಗಳು ಎದ್ದವು. ತಮ್ಮವರಿಗೆ ಒಗ್ಗದ್ದನ್ನು ಆಫ್ರಿಕಾದವರಿಗೆ ಒಗ್ಗಿಸುವುದು ಆ ಕಾಲದ ರೂಢಿ. ಡಕಾರ್‌ನ ಸಂಸಾರಗಳು ದೊಡ್ಡ ಸಂಸಾರಗಳು. ಅವರು ಗುಳ್ಳೆಯ ಸುತ್ತ ಕೋಣೆ ಸೇರಿಸಿದರು, ಅಂಗಳ ಕಟ್ಟಿದರು. ಕೊನೆಗೆ ಎಷ್ಟೋ ಕಡೆ ಗುಳ್ಳೆಯನ್ನೇ ಕೆಡವಿ ಮಹಡಿ ಎಬ್ಬಿಸಿದರು. ಇಟಲಿಯ ದಾಂತೆ ಬಿನಿ 1964ರಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ನೆಲದ ಮೇಲೆ ಹಸಿ ಕಾಂಕ್ರೀಟನ್ನು ಹರಡಿ ಅದನ್ನೇ ಗಾಳಿಯಿಂದ ಮೇಲೆತ್ತಿದ. ಅಮೆರಿಕದ ಸೌತ್ ಸಹೋದರರು 1976ರಲ್ಲಿ ಐಡಾಹೋ ರಾಜ್ಯದಲ್ಲಿ ಆಲೂಗಡ್ಡೆ ಶೇಖರಿಸಲು ಒಂದು ದೊಡ್ಡ ಗುಮ್ಮಟ ಕಟ್ಟಿದರು. ಅವರ ವಿಧಾನದಲ್ಲಿ ಬಲೂನು ಕಟ್ಟಡದ ಹೊರಚರ್ಮವಾಗಿ ಅಲ್ಲೇ ಉಳಿಯುತ್ತದೆ, ಕಾಂಕ್ರೀಟ್ ಒಳಗಿನಿಂದ. ಬಡವರ ಮನೆಗೆ ಅದು ಕೈಗೆಟುಕದು ಎಂದು ಅವರೇ ಮುಂದೆ ಇನ್ನೊಂದು ಸರಳ ವಿಧಾನ ರೂಢಿಸಿದರು. ಅದಕ್ಕೆ ಇಕೋಶೆಲ್ ಎಂದು ಹೆಸರು. ಇದರಲ್ಲಿ ಕಬ್ಬಿಣ, ಕಾಂಕ್ರೀಟ್ ಎರಡೂ ಬಲೂನಿನ ಹೊರಗೆ. ಗಟ್ಟಿಯಾದ ಮೇಲೆ ಬಲೂನು ಮಡಚಿಕೊಂಡು ಮುಂದಿನ ಮನೆಗೆ ಹೋಗುತ್ತದೆ. ಒಂದು ಬಲೂನು ನೂರು ಮನೆಗಾಗುತ್ತದೆ ಎಂಬುದು ಅವರ ಲೆಕ್ಕ.

ಇಷ್ಟೆಲ್ಲ ನಮಗೆ ತಿಳಿದದ್ದು ಆಮೇಲೆ. ಮೊದಲು ಕಂಡದ್ದು ಊರು.

ಮಗಳು ಮತ್ತು ಅಳಿಯ ಕೌಲಾಲಂಪುರದಲ್ಲಿದ್ದಾರೆ. 2018ರ ಏಪ್ರಿಲ್‌ನಲ್ಲಿ ಅವರ ಮನೆಗೆ ಹೋದವರು ನಾಲ್ಕು ದಿನಗಳ ಮಟ್ಟಿಗೆ ಜಾವಾ ದ್ವೀಪದ ಜೋಗ್ಯಕರ್ತಕ್ಕೂ ಹೋದೆವು. ಅಲ್ಲಿಗೆ ಹೋದವರೆಲ್ಲ ಬೊರೊಬುದುರ್ ಸ್ತೂಪವನ್ನು, ಪ್ರಂಬನನ್ ದೇವಾಲಯಗಳನ್ನು ನೋಡುತ್ತಾರೆ. ನಾವೂ ನೋಡಿದೆವು. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ನಾಡಿನಲ್ಲಿ ರಾಮಾಯಣದ ಶಿಲ್ಪಗಳನ್ನು ಅಷ್ಟು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವುದರ ಬಗ್ಗೆ ಬೇರೆಯೇ ಬರೆಯಬೇಕು. ಪ್ರಂಬನನ್‌ನಲ್ಲಿ ಕೆಲವು ಗೋಪುರಗಳಿಗೆ ಭೂಕಂಪದಲ್ಲಿ ಪೆಟ್ಟು ಬಿದ್ದಿತ್ತೆಂದು ತಿಳಿಯಿತು. ಆ ಮಾತು ಮುಂದುವರಿದಾಗ ನಮ್ಮ ಕಾರಿನ ಚಾಲಕ, ಇಲ್ಲೇ ಕೆಲವು ಕಿಲೋಮೀಟರ್ ದೂರದಲ್ಲಿ ಟೆಲಿಟಬ್ಬೀಸ್ ಗ್ರಾಮವಿದೆ, ಮಕ್ಕಳಿಗೆ ಇಷ್ಟವಾಗುತ್ತದೆ ಎಂದ. ಟೆಲಿಟಬ್ಬೀಸ್ ಎಂದರೆ ಹೊಟ್ಟೆಯಲ್ಲಿ ಟಿವಿ ಇಟ್ಟುಕೊಂಡು ಹಸಿರು ದಿಬ್ಬದೊಳಗಿನ ಗೂಡಿನಲ್ಲಿ ವಾಸಿಸುವ, ಬಿಬಿಸಿಯ ಮಕ್ಕಳ ಕಾರ್ಯಕ್ರಮದ ಬೊಂಬೆಗಳು. ಮೊಮ್ಮಗ ಕುಣಿದ. ನಾವು ಹೊರಟೆವು.

ಊರಿನ ನಿಜವಾದ ಹೆಸರು ನ್ಗ್‌ಲೆಪೆನ್. ಈಗ ಹೊಸ ನ್ಗ್‌ಲೆಪೆನ್. ದೂರದಿಂದ ನೋಡಿದರೆ ಯಾರೋ ಬೋಗುಣಿಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದಂತಿತ್ತು.

2006ರ ಮೇ 27, ಶನಿವಾರ. ಬೆಳಿಗ್ಗೆ ಆರು ಗಂಟೆಗೆ ಇನ್ನು ಕೆಲವೇ ನಿಮಿಷಗಳಿದ್ದಾಗ ಜೋಗ್ಯಕರ್ತದ ನೆಲ ಒಂದು ನಿಮಿಷಕ್ಕೂ ಕಡಿಮೆ ಕಾಲ ನಡುಗಿತು. ಫಜ್ರ್ ನಮಾಝ್ ಮುಗಿಸಿದವರಲ್ಲಿ ಕೆಲವರು ಗದ್ದೆಗೆ ಇಳಿದಿದ್ದರು, ಕೆಲವರು ಒಲೆಯ ಮುಂದಿದ್ದರು, ಮಕ್ಕಳು ಮಲಗಿದ್ದರು. 5,700ಕ್ಕೂ ಹೆಚ್ಚು ಜನ ಸತ್ತರು. ಒಂದೂವರೆ ಲಕ್ಷದಷ್ಟು ಮನೆಗಳು ನೆಲಸಮವಾದವು. ಇಷ್ಟೊಂದು ಸಾವು ಏಕೆ? ಕಂಪನ ಅಸಾಧಾರಣ ದೊಡ್ಡದೇನೂ ಆಗಿರಲಿಲ್ಲ, ಪ್ರಮಾಣ 6.3. ಕೊಂದದ್ದು ಗೋಡೆಗಳು. ಜಾವಾದ ಹಳೆಯ ಮರದ ಮನೆಗಳು ಅಲುಗಾಡಿದರೂ ಬೇಗ ಮುರಿದು ಬೀಳುವಂಥವಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಜನರು ಇಟ್ಟಿಗೆಯ ಮನೆಗೆ ಬಂದರು. ಇಟ್ಟಿಗೆ ಬಂತು, ಅದನ್ನು ಹಿಡಿದಿಡುವ ಕಬ್ಬಿಣ ಬರಲಿಲ್ಲ. ಮೇಲೆ ಭಾರದ ಹೆಂಚು. ನಮ್ಮ ಕರಾವಳಿಯಲ್ಲಿ ಮಣ್ಣಿನ ಗೋಡೆ ಹೋಗಿ ಕೆಂಪು ಕಲ್ಲಿನ ಗೋಡೆ ಬಂದ ಕಾಲ ನೆನಪಾಯಿತು. ನೆಲ ಅಲುಗಾಡದ ಪುಣ್ಯಕ್ಕೆ ನಾವು ಬಚಾವು.

ಉಳಿದ ಊರುಗಳಲ್ಲಿ ಮನೆ ಬಿದ್ದಿತ್ತು. ನ್ಗ್‌ಲೆಪೆನ್‌ನಲ್ಲಿ ಮನೆಯ ಕೆಳಗಿನ ನೆಲವೇ ಬಿರಿದು ಕುಸಿದಿತ್ತು. ಹಳೆಯ ಜಾಗದಲ್ಲಿ ಮತ್ತೆ ಕಟ್ಟುವಂತಿರಲಿಲ್ಲ. ಹಾಗಾಗಿ ಇಡೀ ಊರನ್ನು ಕೆಳಗಿನ ಸಮತಟ್ಟು ಜಾಗಕ್ಕೆ ತಂದರು. ಸೌತ್ ಅವರ ವಿಧಾನವನ್ನು ಬಡದೇಶಗಳಿಗೆ ಒಯ್ಯುವ ಡೋಮ್ಸ್ ಫಾರ್ ದ ವರ್ಲ್ಡ್ ಎಂಬ ಅಮೆರಿಕದ ಸೇವಾಸಂಸ್ಥೆ ಮುಂದೆ ಬಂತು. ಹಣ ಕೊಟ್ಟದ್ದು ದುಬೈಯ ಎಮಾರ್ ಕಂಪೆನಿ. 2007ರ ಏಪ್ರಿಲ್ ಹೊತ್ತಿಗೆ 80 ಗುಮ್ಮಟಗಳು ಸಿದ್ಧವಾದವು. ಮನೆಗಳು 71. ಉಳಿದವುಗಳಲ್ಲಿ ಒಂದು ನಮಾಝಿಗೆ, ಒಂದು ಪುಟ್ಟ ಮಕ್ಕಳ ಶಾಲೆಗೆ, ಒಂದು ಚಿಕಿತ್ಸಾಲಯಕ್ಕೆ. ಆರು ಗುಮ್ಮಟಗಳು ಸಾಮೂಹಿಕ ಶೌಚಾಲಯ ಮತ್ತು ಸ್ನಾನಗೃಹಗಳು.

ಕೆಲಸದ ಕ್ರಮ ಇದು. ವೃತ್ತಾಕಾರದ ತಳಪಾಯ. ಅಂಚಿನಲ್ಲಿ ಉಂಗುರದಂತೆ ಕಬ್ಬಿಣ. ಪ್ಲಾಸ್ಟಿಕ್ ಲೇಪಿಸಿದ ದಪ್ಪ ಬಟ್ಟೆಯ ಬಲೂನನ್ನು ಆ ಉಂಗುರಕ್ಕೆ ಬಿಗಿದು ಫ್ಯಾನಿನಿಂದ ಗಾಳಿ ತುಂಬುತ್ತಾರೆ. ಬಾಗಿಲು, ಕಿಟಕಿಗಳ ಜಾಗದಲ್ಲಿ ಚೌಕಟ್ಟು. ಮೇಲೆ ಅಡ್ಡ ಉದ್ದ ಸರಳುಗಳನ್ನು ಬಾಗಿಸಿ ತಂತಿಯಿಂದ ಕಟ್ಟುತ್ತಾರೆ. ಆಮೇಲೆ ಕರಣೆ ಹಿಡಿದ ಜನರು ಕೆಳಗಿನಿಂದ ಮೇಲಕ್ಕೆ, ಸುತ್ತು ಸುತ್ತಾಗಿ ಕಾಂಕ್ರೀಟ್ ಮೆತ್ತುತ್ತಾ ಹೋಗುತ್ತಾರೆ. ಅಷ್ಟು ಹೊತ್ತೂ ಫ್ಯಾನ್ ನಿಲ್ಲಬಾರದು. ದಪ್ಪ ಕೆಲವೇ ಇಂಚು. ಇಷ್ಟು ತೆಳು ಸಿಪ್ಪೆ ಹೇಗೆ ನಿಲ್ಲುತ್ತದೆ? ಮೊಟ್ಟೆಯನ್ನು ಅಂಗೈಯಲ್ಲಿಟ್ಟು ಎಲ್ಲ ಕಡೆಯಿಂದ ಸಮನಾಗಿ ಒತ್ತಿ ನೋಡಿದವರಿಗೆ ಉತ್ತರ ಗೊತ್ತು. ಕಾಂಕ್ರೀಟಿಗೆ ಒತ್ತಿಸಿಕೊಳ್ಳುವ ಶಕ್ತಿ ಇದೆ, ಎಳೆತ ತಾಳುವ ಶಕ್ತಿ ಇಲ್ಲ. ಚಪ್ಪಟೆ ತಾರಸಿಯಲ್ಲಿ ಭಾರ ಬಿದ್ದಾಗ ಕೆಳಮೈ ಎಳೆಯಲ್ಪಡುತ್ತದೆ, ಅದಕ್ಕಾಗಿಯೇ ಅಷ್ಟೊಂದು ಕಬ್ಬಿಣ. ಗುಮ್ಮಟದಲ್ಲಿ ಭಾರವೆಲ್ಲ ಒತ್ತಡವಾಗಿ ಬಾಗಿನ ಮೇಲೆ ಜಾರಿ ನೆಲಕ್ಕೆ ಇಳಿಯುತ್ತದೆ. ಬುಡ ಹೊರಕ್ಕೆ ಹಿಗ್ಗದಂತೆ ಉಂಗುರ ಹಿಡಿದುಕೊಂಡಿರುತ್ತದೆ. ಹಗುರವಾದದ್ದರಿಂದ ನೆಲ ನಡುಗಿದಾಗ ಅದರ ಮೇಲೆ ಬೀಳುವ ಬಲವೂ ಕಡಿಮೆ. ಬೀಳಲು ಬೇರೆ ಗೋಡೆಯಿಲ್ಲ, ಜಾರಲು ಹೆಂಚಿಲ್ಲ. ನಲವತ್ತು ವರ್ಷ ಹಲಗೆ ಹೊತ್ತ ಮನೆಯವರಾಗಿ ನಾವು ಹೇಳುತ್ತೇವೆ, ವಿದ್ಯೆ ದೊಡ್ಡದು.

ಒಳಗೆ ಕರೆದವರು ಒಬ್ಬ ಹಿರಿಯ ಮಹಿಳೆ. ಅಲ್ಲಿ ಹಿರಿಯ ಹೆಂಗಸರನ್ನು ಇಬು ಎಂದು ಕರೆಯುತ್ತಾರೆ, ತಾಯಿ ಎಂದರ್ಥ. ಅಳಿಯನಿಗೆ ಮಲಯ ಭಾಷೆ ಬರುವುದರಿಂದ ಮಾತು ಹೇಗೋ ನಡೆಯಿತು. ಏಳು ಮೀಟರ್ ಅಗಲದ ವೃತ್ತ. ಅದರಲ್ಲಿ ಎರಡು ಮಲಗುವ ಕೋಣೆ, ಒಂದು ಕೂರುವ ಜಾಗ, ಒಂದು ಅಡುಗೆಯ ಮೂಲೆ, ಮೇಲೆ ಅಟ್ಟ. ಮೂಲೆ ಎಂದೆವು, ಆದರೆ ಮೂಲೆಯೇ ಇಲ್ಲ. ಕಪಾಟನ್ನು ಗೋಡೆಗೆ ತಾಗಿಸಿದರೆ ಮೇಲೆ ತಾಗಿ ಕೆಳಗೆ ಬಿಡುತ್ತದೆ. ಹಿಂದೆ ಉಳಿಯುವ ಜಾಗದಲ್ಲಿ ಇಬು ಚಾಪೆಗಳನ್ನು ಸುತ್ತಿ ಇಟ್ಟಿದ್ದರು. ಮಗು ಒಂದು ಕಡೆ ಪಿಸುಗುಟ್ಟಿದರೆ ಎದುರು ಗೋಡೆಯ ಬಳಿ ಕೇಳಿಸುತ್ತದೆ ಎಂದು ನಕ್ಕರು. ವಿಜಾಪುರದ ಗೋಳಗುಮ್ಮಟದಲ್ಲಿ ನಾವು ದುಡ್ಡು ಕೊಟ್ಟು ಟಿಕೆಟ್ ಪಡೆದು ಆಡುವ ಆಟ ಇವರ ಮನೆಯಲ್ಲಿ ದಿನವೂ. ಅತ್ತೆ ಸೊಸೆ ಒಂದೇ ಗುಮ್ಮಟದಡಿ ಇದ್ದರೆ ಇದು ಆಟವಾಗಿ ಉಳಿಯುವುದಿಲ್ಲ ಎಂದು ನಮ್ಮಲ್ಲೊಬ್ಬರು ಹೇಳಿದ್ದನ್ನು ಅಳಿಯ ಭಾಷಾಂತರಿಸಲಿಲ್ಲ.

ಅಡುಗೆಯನ್ನು ಅವರು ಒಳಗೆ ಮಾಡುತ್ತಿರಲಿಲ್ಲ. ಗುಮ್ಮಟದ ಹಿಂದೆ ಕಂಬ ನೆಟ್ಟು, ತಗಡು ಹೊದಿಸಿ, ಚೌಕಾಕಾರದ ಅಡುಗೆಮನೆ ಕಟ್ಟಿಕೊಂಡಿದ್ದರು. ಅವರೊಬ್ಬರೇ ಅಲ್ಲ, ಸಾಲಿಗೆ ಸಾಲೇ ಹಾಗೆ. ಕೆಲವರು ಸ್ವಂತ ಬಚ್ಚಲನ್ನೂ ಮಾಡಿಕೊಂಡಿದ್ದರು. ಹನ್ನೆರಡು ಮನೆಗಳಿಗೆ ಒಂದರಂತೆ ನಡುವೆ ಇಟ್ಟ ಸಾಮೂಹಿಕ ಶೌಚಾಲಯಕ್ಕೆ ರಾತ್ರಿ ಹೊತ್ತು ಹೆಣ್ಣುಮಕ್ಕಳು ಹೋಗುವುದು ಎಂದರೇನು ಎಂದು ನಕ್ಷೆ ಬರೆದವರು ಯಾರನ್ನಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು. ಬಾಗಿಲಿನ ಮೇಲೆ, ಕಿಟಕಿಯ ಮೇಲೆ ಸಣ್ಣ ಸಣ್ಣ ತಗಡಿನ ಮಾಡುಗಳಿದ್ದವು. ಗುಮ್ಮಟಕ್ಕೆ ಸೂರು ಇರುವುದಿಲ್ಲ. ಅದರ ಮೇಲೆ ಬಿದ್ದ ಮಳೆನೀರು ಗೋಡೆಯ ಮೇಲೆಯೇ ಹರಿದು ಬರುತ್ತದೆ. ಮಳೆಯ ನಾಡಿನಲ್ಲಿ ಮನೆ ಎಂದರೆ ಮೊದಲು ಸೂರು, ಸೂರಿನಡಿಯ ಜಗಲಿ. ಚಪ್ಪಲಿ, ಕೊಡೆ, ಕಟ್ಟಿಗೆ, ಒಣಗದ ಬಟ್ಟೆ, ಬಂದ ನೆಂಟರು ಎಲ್ಲವೂ ಇರುವುದು ಅಲ್ಲಿಯೇ. ಜಾವಾದ ಮನೆಗಳಲ್ಲಿಯೂ ಮುಂದೆ ತೆರೆದ ಚಾವಡಿ ಇರುತ್ತದೆ. ಒಣನಾಡಿನಲ್ಲಿ ಬೆಳೆದ ಆಕಾರವನ್ನು ಮಳೆಯ ನಾಡಿಗೆ ತಂದಾಗ ಜನರೇ ಅದಕ್ಕೆ ಸೂರು ಹೊಲಿದುಕೊಂಡಿದ್ದಾರೆ.

ಹಾಗಾದರೆ ಅವರು ಅತೃಪ್ತರೇ? ಇಬುವನ್ನು ಕೇಳಿದೆವು. ಅವರು ತಕ್ಷಣ ಉತ್ತರಿಸಲಿಲ್ಲ. ಮೊದಲು ನೋಡಿದಾಗ ಭಯವಾಗಿತ್ತು, ಮೊದಲ ಸಲ ನೆಲ ಮತ್ತೆ ಅಲುಗಿದಾಗ ಭಯ ಹೋಯಿತು ಎಂದರು. ರಾತ್ರಿ ಮಲಗಿದರೆ ನಿದ್ದೆ ಬರುತ್ತದೆ ಎಂದೂ ಸೇರಿಸಿದರು. ಹೊರಗೆ ಟೆಲಿಟಬ್ಬೀಸ್ ವೇಷ ತೊಟ್ಟವರೊಂದಿಗೆ ಮೊಮ್ಮಗ ಫೋಟೊ ತೆಗೆಸಿಕೊಳ್ಳುತ್ತಿದ್ದ. ಪ್ರವಾಸಿಗಳ ಪುಡಿಗಾಸು ಊರಿಗೊಂದು ಆದಾಯ. ಬೇರೆಯವರ ಮನೆಗಳ ನಡುವೆ ಕ್ಯಾಮರಾ ಹಿಡಿದು ಅಡ್ಡಾಡುವುದು ನಮಗೆ ಮುಜುಗರವಾಗಿತ್ತು. ಇಬುವಿಗೆ ಹಾಗೇನೂ ಇದ್ದಂತೆ ಕಾಣಲಿಲ್ಲ. ಚಹಾ ಕೊಟ್ಟರು, ಕಡಲೆಕಾಯಿಯ ಪೊಟ್ಟಣ ಮಾರಿದರು.

ಅಸರ್ ನಮಾಝ್ ಅಲ್ಲಿನ ಮುಶೋಲ್ಲಾದಲ್ಲಿ. ಅದೂ ಗುಮ್ಮಟವೇ, ಸ್ವಲ್ಪ ದೊಡ್ಡದು. ನಮಗೆ ಗುಮ್ಮಟವೆಂದರೆ ಮಸೀದಿ ಎನ್ನುವ ಭಾವನೆ ಎಷ್ಟು ಬೇರೂರಿದೆಯೆಂದರೆ, ಇದಾದರೂ ಸಹಜವಾಗಿ ಕಂಡೀತು ಎಂದುಕೊಂಡಿದ್ದೆವು. ಆದರೆ ಜಾವಾದ ಹಳೆಯ ಮಸೀದಿಗಳಿಗೆ ಗುಮ್ಮಟವೇ ಇಲ್ಲ. ದೆಮಾಕ್‌ನ ಪ್ರಾಚೀನ ಮಸೀದಿಗೆ ಒಂದರ ಮೇಲೊಂದು ಮೂರು ಅಂತಸ್ತಿನ ಇಳಿಜಾರು ಮಾಡು. ಕಲ್ಲಿಕೋಟೆಯ ಮಿಶ್ಕಾಲ್ ಮಸೀದಿಯನ್ನು ನೋಡಿದವರಿಗೆ ಅದು ಪರಿಚಿತ ಎನಿಸೀತು. ನಮ್ಮ ಕರಾವಳಿಯ ಹಳೆಯ ಮಸೀದಿಗಳೂ ಮರ ಮತ್ತು ಹೆಂಚಿನವೇ. ಅರಬ್ಬಿ ಸಮುದ್ರದ ಮಳೆ, ಜಾವಾ ಸಮುದ್ರದ ಮಳೆ ಎರಡೂ ಬಡಗಿಗಳಿಗೆ ಒಂದೇ ಪಾಠ ಹೇಳಿಕೊಟ್ಟಿವೆ. ಗುಮ್ಮಟ ಎರಡೂ ಕಡೆಗೂ ತಡವಾಗಿ ಬಂದ ಅತಿಥಿ. ಅತಿಥಿ ಈಗ ಯಜಮಾನನಾಗಿದ್ದಾನೆ, ಹಳೆಯ ಮಾಡು ಕಿತ್ತು ಗುಮ್ಮಟ ಕೂರಿಸದಿದ್ದರೆ ಮಸೀದಿ ಕಮಿಟಿಗಳಿಗೆ ಸಮಾಧಾನವಿಲ್ಲ. ಇರಲಿ. ವೃತ್ತಾಕಾರದ ಕೋಣೆಯಲ್ಲಿ ಸಫ್ ನೇರವಾಗಿ ನಿಲ್ಲಬೇಕು. ನಡುವಿನ ಸಾಲು ಉದ್ದ, ಮುಂದಿನದೂ ಹಿಂದಿನದೂ ಗಿಡ್ಡ. ಕಿಬ್ಲಾದ ದಿಕ್ಕನ್ನು ಗೋಡೆ ಹೇಳುವುದಿಲ್ಲ, ಚಾಪೆಯ ಗೆರೆ ಹೇಳಬೇಕು.

ಹೊರಬಂದಾಗ ನಮಗೆ ಉಮ್ಮನ ನೆನಪಾಯಿತು. ಫೋನಿನಲ್ಲಿ ಫೋಟೊ ಕಳಿಸಿದ್ದೆವು. ಎಂಬತ್ತು ದಾಟಿದ ಉಮ್ಮ ಮಾತಾಡಿದ್ದು ಒಂದೇ ವಾಕ್ಯ: "ಇದು ದರ್ಗದ ಹಾಗಿದೆಯಲ್ಲ ಮಕ್ಕಳೇ, ಬದುಕಿದ್ದವರು ಇದ್ದಾರಾ ಒಳಗೆ?" ನಮ್ಮ ನಾಡಿನಲ್ಲಿ ಗುಮ್ಮಟದಡಿಯಲ್ಲಿ ಮಲಗಿರುವವರು ಸುಲ್ತಾನರು, ಸೂಫಿಗಳು. ಸಂಸಾರ ಹೂಡಿದವರಲ್ಲ.

ಇನ್ನು ನಮ್ಮ ಹೊಟ್ಟೆಪಾಡಿನ ಮಾತು. ಕರಾವಳಿಯ ಎಷ್ಟೋ ಮುಸ್ಲಿಂ ಕುಟುಂಬಗಳ ಗಂಡಸರು ಗಲ್ಫ್‌ಗೆ ಹೋಗಿ ಮಾಡಿದ್ದು ಇದೇ ಕೆಲಸ. ಮರಳುಗಾಡಿನಲ್ಲಿ ಎದ್ದ ಕಟ್ಟಡಗಳ ಸುಳ್ಳು ಮನೆಗಳನ್ನು ಕಟ್ಟಿ ಬಿಚ್ಚಿದವರು ಅವರು. ಆ ಹಣದಿಂದ ಊರಿನಲ್ಲಿ ತಾರಸಿ ಮನೆಗಳು ಬಂದವು. ತಾರಸಿ ಮನೆಗಳಿಂದ ಊರಿನ ಸೆಂಟ್ರಿಂಗ್‌ನವರಿಗೆ ಕೆಲಸ ಬಂತು. ಕಾಂಕ್ರೀಟ್ ದಿನ ಎಂದರೆ ನಮ್ಮಲ್ಲಿ ಅರ್ಧ ಹಬ್ಬ. ಬೆಳಿಗ್ಗೆಯೇ ಮಿಕ್ಸರ್ ಯಂತ್ರದ ಸದ್ದು, ಬಾಣಲೆ ದಾಟಿಸುವ ಸಾಲು, ಮಧ್ಯಾಹ್ನ ತುಪ್ಪದನ್ನ ಮತ್ತು ಕೋಳಿಸಾರು. ಒಂದು ಬಲೂನು ಮತ್ತು ಒಂದು ಫ್ಯಾನು ಬಂದರೆ ಈ ಸಾಲಿನಲ್ಲಿ ಯಾರು ಉಳಿಯುತ್ತಾರೆ? ಬಡಗಿ ಬೇಡ, ಕಂಬ ಬೇಡ, ಹಲಗೆಯ ಬಾಡಿಗೆಯಂಗಡಿ ಬೇಡ. ಕರಣೆಯವರು ಉಳಿಯುತ್ತಾರೆ, ನಿಜ. ನ್ಗ್‌ಲೆಪೆನ್‌ನಲ್ಲಿ ಸ್ಥಳೀಯರಿಗೇ ತರಬೇತಿ ಕೊಟ್ಟು ಕಟ್ಟಿಸಿದರು. ಆದರೆ 80 ಗುಮ್ಮಟ ಮುಗಿದ ಮೇಲೆ ಕಲಿತವರು ಆ ವಿದ್ಯೆಯನ್ನು ಎಲ್ಲಿ ಮಾರಬೇಕು? ಬಲೂನು ಅವರದಲ್ಲ. ಪಕ್ಕದ ಊರಿನವರು ಯಾರೂ ತಮ್ಮ ಸ್ವಂತ ಹಣದಿಂದ ಗುಮ್ಮಟ ಕಟ್ಟಿಸಿದ್ದು ನಮಗೆ ಕಾಣಲಿಲ್ಲ. ದಾರಿಯುದ್ದಕ್ಕೂ ಇದ್ದದ್ದು ಇಟ್ಟಿಗೆ ಮತ್ತು ಹೆಂಚಿನ ಚೌಕ ಮನೆಗಳೇ.

ಆ ಚೌಕ ಮನೆಗಳ ಕಥೆಯನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು, ಏಕೆಂದರೆ ಅವುಗಳನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಭೂಕಂಪದ ಅನಂತರದ ಎರಡು ವರ್ಷಗಳಲ್ಲಿ ಜೋಗ್ಯಕರ್ತ ಮತ್ತು ಮಧ್ಯ ಜಾವಾದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಮತ್ತೆ ಎದ್ದವು. ಸರ್ಕಾರ ಹಣವನ್ನು ಗುತ್ತಿಗೆದಾರರ ಕೈಗೆ ಕೊಡದೆ ಹತ್ತಾರು ಕುಟುಂಬಗಳ ಗುಂಪುಗಳಿಗೆ ಕೊಟ್ಟಿತು. ಯಾರ ಮನೆ ಮೊದಲು ಎಂಬುದನ್ನು ಗುಂಪೇ ತೀರ್ಮಾನಿಸಬೇಕು. ಷರತ್ತು ಇಷ್ಟೇ: ಮೂಲೆಗಳಲ್ಲಿ ಕಾಂಕ್ರೀಟ್ ಕಂಬ, ಕೆಳಗೂ ಮೇಲೂ ಪಟ್ಟಿ, ಇಟ್ಟಿಗೆಯನ್ನು ಕಂಬಕ್ಕೆ ಹಿಡಿದಿಡುವ ಸರಳು. ಆಕಾರ ನಿಮ್ಮದು, ಕಬ್ಬಿಣ ನಮ್ಮ ಲೆಕ್ಕದಂತೆ. ಗೋತೊಂಗ್ ರೋಯೋಂಗ್ ಎಂಬ ಪದ ಜಾವಾದಲ್ಲಿದೆ. ನಾಲ್ಕು ಜನ ಸೇರಿ ಒಬ್ಬನ ಭಾರ ಹೊರುವುದು. ಈ ಒಂದು ಲಕ್ಷ ಮನೆಗಳಲ್ಲಿ ಮರುಬಳಕೆಯಾದದ್ದು ಬಲೂನಲ್ಲ, ಆ ಅಭ್ಯಾಸ. ಅದರ ಜೊತೆ ಸೆಂಟ್ರಿಂಗ್ ಹಲಗೆಯೂ ಮನೆಯಿಂದ ಮನೆಗೆ ಹೋಗಿರಲೇಬೇಕು. ನಮಗೆ ಅದರಲ್ಲಿ ಸಂದೇಹವಿಲ್ಲ.

ನಮ್ಮ ದೇಶದಲ್ಲಿ ಮರುಬಳಕೆಯ ಅಚ್ಚು ಬಂದಿಲ್ಲವೆಂದಲ್ಲ. ನಗರಗಳಲ್ಲಿ ಏಳುತ್ತಿರುವ ಬಹುಮಹಡಿ ಫ್ಲ್ಯಾಟುಗಳಲ್ಲಿ ಎಷ್ಟೋ ಅಲ್ಯುಮಿನಿಯಂ ಅಚ್ಚಿನಲ್ಲಿ ಹೊಯ್ದವು. ಜನರ ಬಾಯಲ್ಲಿ ಅದು ಮಿವಾನ್. ಗೋಡೆ, ತಾರಸಿ ಎರಡನ್ನೂ ಒಟ್ಟಿಗೆ ಹೊಯ್ದು, ಅಚ್ಚನ್ನು ಕೈಯಿಂದ ಕೈಗೆ ಮೇಲಿನ ಮಹಡಿಗೆ ದಾಟಿಸುತ್ತಾರೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರು ನಗರಗಳಲ್ಲಿ ಆರು ಹೊಸ ವಿಧಾನಗಳ ವಸತಿ ಯೋಜನೆಗಳಿಗೆ ಶಿಲಾನ್ಯಾಸ ಮಾಡಿದಾಗ ರಾಜ್‌ಕೋಟ್‌ನ 1,144 ಮನೆಗಳಿಗೆ ಆರಿಸಿದ್ದು ಸುರಂಗದ ಆಕಾರದ ಅಚ್ಚನ್ನು. ಸಾವಿರ ಮನೆ ಒಂದೇ ಕಡೆ, ಒಂದೇ ನಕ್ಷೆ ಎಂದಾದರೆ ಅಚ್ಚಿನ ಬೆಲೆ ಹಂಚಿಹೋಗುತ್ತದೆ. ಎಡಿಸನ್‌ಗೆ ಸಿಗದ ಲೆಕ್ಕ ಅದು. ಐದು ಸೆಂಟ್ಸ್ ಜಾಗದಲ್ಲಿ ಒಂದೇ ಮನೆ ಕಟ್ಟುವವನಿಗೆ ಈಗಲೂ ಅದು ಸಿಗುವುದಿಲ್ಲ.

ನಾವು ಜಾವಾದಿಂದ ಬಂದು ನಾಲ್ಕು ತಿಂಗಳಾಗಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಜೋಡುಪಾಳದ ಬಳಿ ಹೆದ್ದಾರಿಯೇ ಮಣ್ಣಿನಡಿ ಹೋಯಿತು. ಗುಡ್ಡದ ಇಳಿಜಾರಿನಲ್ಲಿದ್ದ ನಮ್ಮ ತಂಗಿಯ ಮನೆಯೂ ಹೋಯಿತು. ಸದ್ದು ಕೇಳಿ ಹೊರಗೆ ಓಡಿದ್ದರಿಂದ ಐದು ಜೀವಗಳು ಉಳಿದವು, ಅಲ್ಲಾಹನ ದಯೆ. ಮದುವೆಯ ಚಿನ್ನ, ಮಕ್ಕಳ ಶಾಲೆಯ ಕಾಗದಗಳು, ಎರಡು ಆಡುಗಳು ಉಳಿಯಲಿಲ್ಲ. ಮರುದಿನ ಹುಡುಕಿದಾಗ ಮನೆಯಿದ್ದ ಜಾಗವನ್ನೇ ಗುರುತಿಸಲು ಆಗಲಿಲ್ಲ ಎಂದು ಭಾವ ಹೇಳಿದರು.

ಅವರು ನಮ್ಮ ಮನೆಯಲ್ಲಿ ಏಳು ತಿಂಗಳು ಇದ್ದರು. ಆ ದಿನಗಳಲ್ಲಿ ಅಳಿಯ ಕೌಲಾಲಂಪುರದಿಂದ ಫೋನ್ ಮಾಡಿ, ಗುಮ್ಮಟದ ಮನೆಯ ಮಾತು ಎತ್ತಿದ. ಬಲೂನನ್ನು ಹೊರದೇಶದಿಂದ ತರಿಸಬಹುದು, ಕುಟುಂಬದವರೆಲ್ಲ ಸೇರಿ ಖರ್ಚು ಹಾಕೋಣ, ಮನೆ ಕಳೆದುಕೊಂಡ ಇತರರಿಗೂ ಅದೇ ಬಲೂನಿನಿಂದ ಕಟ್ಟಿಕೊಡಬಹುದು ಎಂದ. ಒಳ್ಳೆಯ ಮನಸ್ಸಿನ ಹುಡುಗ. ಮಾತು ಕೇಳಿ ನಮ್ಮ ಮನೆಯಲ್ಲಿ ಎರಡು ಪಕ್ಷವಾಯಿತು. ಗಟ್ಟಿ, ಅಗ್ಗ, ಬೇಗ ಎಂದು ಒಬ್ಬರು. ಅಡುಗೆಮನೆ ಎಲ್ಲಿ, ಸೂರು ಎಲ್ಲಿ ಎಂದು ಇನ್ನೊಬ್ಬರು. ಕೆಲವು ರಾತ್ರಿ ನಾವಿಬ್ಬರು ಇದನ್ನೇ ಮಾತಾಡುತ್ತಾ ಎಚ್ಚರವಿದ್ದೆವು.

ವಿಷಯ ಇತ್ಯರ್ಥವಾದದ್ದು ಮನೆಯ ಆಕಾರದಿಂದಲ್ಲ. ಗುಮ್ಮಟ ನೆಲ ನಡುಗಿದರೆ ತಾಳುತ್ತದೆ, ನೆಲವೇ ಜಾರಿದರೆ ಯಾವ ಮನೆಯೂ ತಾಳುವುದಿಲ್ಲ. ನ್ಗ್‌ಲೆಪೆನ್‌ನವರನ್ನು ಮೊದಲು ಉಳಿಸಿದ್ದು ಗುಮ್ಮಟವಲ್ಲ, ಜಾಗ ಬದಲಿಸಿದ್ದು. ಹಾಗಾಗಿ ಕುಟುಂಬದ ಹಣ ಬಲೂನಿಗೆ ಹೋಗದೆ ಜಾಗಕ್ಕೆ ಹೋಯಿತು. ಕೆಳಗೆ, ಗುಡ್ಡದಿಂದ ದೂರ, ತಗ್ಗಲ್ಲದ ಐದು ಸೆಂಟ್ಸ್. ದಾಖಲೆ ತಂಗಿಯ ಹೆಸರಿನಲ್ಲಿ. ಜಾವಾದಲ್ಲಿ ಗುಮ್ಮಟಗಳ ಕೆಳಗಿನ ನೆಲ ಗ್ರಾಮದ ಸ್ವತ್ತು, ಮನೆಯಲ್ಲಿದ್ದವರದಲ್ಲ ಎಂದು ಇಬು ಹೇಳಿದ್ದು ಆಗ ನಮ್ಮ ಮನಸ್ಸಿನಲ್ಲಿತ್ತು.

ಮನೆಯನ್ನು ಊರಿನ ಮೇಸ್ತ್ರಿಯೇ ಕಟ್ಟಿದರು. ಅವರಿಗೆ ನಾವು ಗುಮ್ಮಟದ ಫೋಟೊ ತೋರಿಸಿದೆವು. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಕೆಲಸ ಚಂದ ಉಂಟು," ಎಂದರು, "ಆದರೆ ಇದರ ಮೇಲೆ ನಾಳೆ ಮಗನಿಗೊಂದು ಕೋಣೆ ಎತ್ತುವುದು ಹೇಗೆ ಸ್ವಾಮಿ?" ಉತ್ತರ ನಮ್ಮ ಬಳಿ ಇರಲಿಲ್ಲ. ಡಕಾರ್‌ನವರು ಆ ಪ್ರಶ್ನೆಗೆ ಗುಳ್ಳೆ ಒಡೆದೇ ಉತ್ತರಿಸಿದ್ದರು. ಆದರೆ ಜಾವಾದ ಚೌಕ ಮನೆಗಳ ಪಾಠವನ್ನು ನಾವು ಬಿಡಲಿಲ್ಲ. ನಾಲ್ಕು ಮೂಲೆಗೂ ಕಂಬ, ಪಾಯದ ಮೇಲೊಂದು ಪಟ್ಟಿ, ಲಿಂಟಲ್ ಮಟ್ಟದಲ್ಲಿ ಇನ್ನೊಂದು ಸುತ್ತುಪಟ್ಟಿ. ಸಣ್ಣ ಮನೆಗೆ ಇಷ್ಟು ಕಬ್ಬಿಣ ಯಾಕೆ ಎಂದು ನೆರೆಯವರು ಕೇಳಿದರು. ಮೇಸ್ತ್ರಿ ನಮ್ಮತ್ತ ಕೈ ತೋರಿಸಿದರು.

ಕಾಂಕ್ರೀಟ್ ದಿನ ಊಟವಿತ್ತು. ಉಮ್ಮ ಕುರ್ಚಿಯಲ್ಲಿ ಕೂತು ನೋಡಿದರು. ಹದಿನೆಂಟನೆಯ ದಿನ ಹಲಗೆ ಬಿಚ್ಚಿದಾಗ ತಂಗಿ ಒಳಗೆ ಹೋಗಿ ನಾಲ್ಕೂ ಮೂಲೆಗಳಲ್ಲಿ ಒಂದೊಂದು ಕ್ಷಣ ನಿಂತು ಬಂದಳು. ಏನು ನೋಡಿದೆ ಎಂದು ಕೇಳಿದ್ದಕ್ಕೆ, ಕಪಾಟು ಎಲ್ಲಿಡಬೇಕೆಂದು ಎಂದಳು. ಗಾರೆ ಮುಗಿಯುವ ಮೊದಲೇ ಹಿತ್ತಿಲ ಬದಿಯಲ್ಲಿ ಎರಡು ಅಡಿಕೆ ಕಂಬ ನೆಟ್ಟು ತಗಡು ಹೊದಿಸಿಕೊಂಡಿದ್ದಾಳೆ. ಕಟ್ಟಿಗೆಗಂತೆ.